ಅಪ್ಪ ನಿಲ್ಲುತ್ತಿದ್ದ ಜಾಗಗಳು

ಖಾನಾಪುರದಲ್ಲಿ ನನ್ನ ಅಪ್ಪ ಗಣಿತದ ಮಾಸ್ತರರು. ದಾರಿಯಲ್ಲಿ ಯಾರಾದರೂ ಮಾತಾಡಿಸಿದರೆ ‘ಹೂಂ’ ಎನ್ನುವುದೂ ಅವರಿಗೆ ಭಾರ. ಎಂಬತ್ತರ ದಶಕದ ಆರಂಭದಲ್ಲಿ ಎದೆನೋವೆಂದು ಬೆಳಗಾವಿಗೆ ಹೋದರು. ಅಲ್ಲಿನ ಡಾಕ್ಟರು ಮುಂಬಯಿಗೆ ಕಳಿಸಿದರು. ಹೃದಯದ ರಕ್ತನಾಳ ಮೂರು ಕಡೆ ಕಟ್ಟಿಕೊಂಡಿದೆ, ಆಪರೇಶನ್ ಮಾಡಬೇಕು, ಆದರೆ ಉಳಿಯುವ ಗ್ಯಾರಂಟಿ ಕೊಡಲಾರೆವು ಎಂದರಂತೆ ಅಲ್ಲಿ.

“ಗ್ಯಾರಂಟಿ ಇಲ್ಲದ್ದು ನನಗ ಬ್ಯಾಡ,” ಎಂದು ಅಪ್ಪ ನಾಲಗೆಯ ಕೆಳಗಿಡುವ ಗುಳಿಗೆ ಜೇಬಿಗೆ ಹಾಕಿಕೊಂಡು ಊರಿಗೆ ಬಂದುಬಿಟ್ಟರು.

ಶಾಲೆಯಿಂದ ಮನೆಗೆ ಹತ್ತು ನಿಮಿಷದ ದಾರಿ. ಈಗ ನೂರು ಹೆಜ್ಜೆಗೊಮ್ಮೆ ಎದೆ ಹಿಡಿಯುತ್ತಿತ್ತು. ಏದುಸಿರು ಬಿಡುತ್ತ ನಿಂತದ್ದನ್ನು ಜನ ನೋಡಬಾರದು, ಅದು ಮಾಸ್ತರರ ಗತ್ತು! ಅದಕ್ಕೆ ಮಾತಿನ ನೆವ ಹುಡುಕಿದರು. ಹಿಟ್ಟಿನ ಗಿರಣಿಯ ಮುಂದೆ ನಿಂತು ಯಾವುದೋ ಅಜ್ಜಿಯ ಮೊಣಕಾಲಿನ ಸಮಾಚಾರ, ಟೇಲರನ ಅಂಗಡಿಯ ಮುಂದೆ ನಿಂತು ಅವನ ಮಗಳ ಓದಿನ ವಿಚಾರಣೆ. ಮನೆಯಲ್ಲಿ ನನ್ನನ್ನು ಎಂದೂ ಕೇಳದ್ದನ್ನು ಬೀದಿಯಲ್ಲಿ ಕೇಳುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಕೆಲವೇ ತಿಂಗಳಲ್ಲಿ ಮಂದಿ ಅವರಿಗಾಗಿ ಕಾಯತೊಡಗಿದರು. ಟೇಲರ್ ಸಂಜೆ ಐದಕ್ಕೆ ಸರಿಯಾಗಿ ಒಂದು ಕುರ್ಚಿ ಹೊರಗಿಡುತ್ತಿದ್ದ. ಗುಟ್ಟು ಯಾರಿಗೂ ಗೊತ್ತಿಲ್ಲವೆಂದೇ ಅಪ್ಪ ನಂಬಿದ್ದರು.

ಎರಡು ವರ್ಷ ಹೀಗೇ ಸಾಗಿತು. ಆಮೇಲೆ ಕುಳಿತಲ್ಲೇ ನೋವು ಬರತೊಡಗಿತು. ಒಂದು ಬೆಳಿಗ್ಗೆ ಅಪ್ಪನೇ ಅಂದರು: “ತಪ್ಪತೈತಂತ ಲೆಕ್ಕಾನ ಬಿಡಬ್ಯಾಡ್ರಿ ಅಂತ ಹುಡುಗರಿಗೆ ಹೇಳಾಂವ ನಾನ. ನಡೀರಿ ಮುಂಬಯಿಗೆ.”

ಅವ್ವ ಅತ್ತಳು. ನನಗೂ ಅಂಜಿಕೆಯಾಯಿತು, ಆದರೆ ಅಷ್ಟು ಹೆಮ್ಮೆ ಅಪ್ಪನ ಬಗ್ಗೆ ಅದಕ್ಕೂ ಮೊದಲು ಎಂದೂ ಅನಿಸಿರಲಿಲ್ಲ.

ಸ್ಟೇಷನ್ನಿಗೆ ಹೊರಟಾಗ ಟೇಲರ್ ಅಡ್ಡ ಬಂದು ಹೇಳಿದ: “ನಿಮ್ಮ ಎದಿ ಸಲುವಾಗೇ ಎರಡು ವರ್ಷದಿಂದ ಕುರ್ಚಿ ಇಡಾಕತ್ತೀನ್ರಿ ಸರ. ಅದು ಅಲ್ಲೇ ಇರತೈತಿ. ಹೋಗಿ ಬರ್ರಿ.”

ಗುಟ್ಟು ಊರಿಗೆಲ್ಲ ಗೊತ್ತಿತ್ತು. ಅಪ್ಪ ತಲೆ ತಗ್ಗಿಸಿ ಅವನ ಕೈ ಹಿಡಿದುಕೊಂಡರು.

ಆಪರೇಶನ್ ಮುಗಿಸಿ ಬಂದ ಮೂರನೇ ತಿಂಗಳು ಅಪ್ಪ ಮತ್ತೆ ಶಾಲೆಗೆ ಹೋದರು. ಸಂಜೆ ಗುಳಿಗೆ ಹಿಡಿದುಕೊಂಡು ನಾನು ಅವರ ಹಿಂದೆಯೇ ಬಂದೆ. ಗಿರಣಿ ದಾಟಿದರು, ಟೇಲರನ ಅಂಗಡಿ ದಾಟಿದರು, ಒಮ್ಮೆಯೂ ನಿಲ್ಲದೆ ನಮ್ಮ ಬಾಗಿಲು ಮುಟ್ಟಿದರು. ಚಪ್ಪಲಿ ಮಾತ್ರ ಬಿಡಲಿಲ್ಲ. ಬಂದ ದಾರಿಯಲ್ಲೇ ತಿರುಗಿ ಹೋಗಿ ಆ ಕುರ್ಚಿಯಲ್ಲಿ ಕುಳಿತರು.

ಟೇಲರ್ ಗಾಬರಿಯಿಂದ ಹೊರಗೆ ಓಡಿಬಂದ. “ಎದಿ ನೋಯಾಕತ್ತೈತೇನ್ರಿ ಸರ?”

“ಇಲ್ಲೋ ತಮ್ಮಾ, ಇವತ್ತೇನೂ ಇಲ್ಲ. ನಿನ್ನ ಸಂಗಾಟ ಮಾತಾಡೂಣು ಅಂತ ಬಂದೀನಿ.”