ಆಯುಧಪೂಜೆಗೆ ನಿಂತ ಗಾಳಿ

ಎಂಬತ್ತರ ದಶಕದ ಮೊದಲಲ್ಲಿ ನಾನು ಹೊಸೂರಿನ ಹೊರಗಿದ್ದ ಒಂದು ಸಣ್ಣ ವಿನಿಗರ್ ಫ್ಯಾಕ್ಟರಿಯಲ್ಲಿ ಟ್ಯಾಂಕ್ ಕಾಯುತ್ತಿದ್ದೆ. ಸಂಜೆ ಶಾಲೆಗೆ ಹೋಗಿ ಹತ್ತನೇ ತರಗತಿ ಪಾಸು ಮಾಡಿದಾಗ ನನಗೆ ಇಪ್ಪತ್ತೊಂಬತ್ತು ವರ್ಷ. ಆದ್ದರಿಂದಲೋ ಏನೋ, ಓದಿದ್ದು ಯಾವುದೂ ಮರೆಯುತ್ತಿರಲಿಲ್ಲ.

ಟ್ಯಾಂಕಿನೊಳಗಿನ ಬ್ಯಾಕ್ಟೀರಿಯಾಗಳು ಗಾಳಿಯ ಆಮ್ಲಜನಕ ಹೀರಿ, ಆಲ್ಕೋಹಾಲನ್ನು ಅರ್ಧಂಬರ್ಧ ಸುಟ್ಟು, ಹುಳಿ ಮಾಡಿ ಹೊರಗೆ ಹಾಕುತ್ತವೆ. ಆ ಸುಡುವಿಕೆಯಿಂದಲೇ ಅವಕ್ಕೆ ಬದುಕುವ ಶಕ್ತಿ. ಟ್ಯಾಂಕಿನ ಮೈ ಯಾವಾಗಲೂ ಬೆಚ್ಚಗಿರುತ್ತಿತ್ತು. ಕೆಳಗಿನಿಂದ ಗಾಳಿ ಊದುವ ಬ್ಲೋವರ್ ಒಂದು ನಿಮಿಷವೂ ನಿಲ್ಲುವಂತಿರಲಿಲ್ಲ. ಕರೆಂಟ್ ಹೋದರೆ ಜನರೇಟರಿಗೆ ಓಡುವುದೇ ನನ್ನ ಕೆಲಸ. ಆಯುಧಪೂಜೆಯಲ್ಲೂ ಓಡುವ ಬ್ಲೋವರಿಗೇ ಕುಂಕುಮ ಇಡುತ್ತಿದ್ದೆವು.

ಆ ವರ್ಷ ಲೇತ್ ಕಾರ್ಖಾನೆಯಿಂದ ಒಬ್ಬ ಹೊಸ ಸೂಪರ್‌ವೈಸರ್ ಬಂದಿದ್ದ. ಪೂಜೆ ಮುಗಿಯುವ ತನಕ ಯಾವ ಮೋಟರೂ ತಿರುಗಬಾರದು ಎಂದು ಅಪ್ಪಣೆ ಮಾಡಿದ.

“ಬ್ಲೋವರ್ ನಿಲ್ಸೋದು ಬೇಡ ಸಾರ್. ಒಳಗಿರೋವು ಉಸಿರುಕಟ್ಟಿ ಸತ್ತೋಯ್ತವೆ,” ಎಂದೆ.

“ಉಸಿರಾಡ್ತವಾ? ಮೂಗೆಲ್ಲೈತೆ ತೋರ್ಸ್ಲಾ, ಸಂಜೆ ಇಸ್ಕೂಲ್ ಪಂಡಿತ!”

ಎಲ್ಲರೂ ನಕ್ಕರು. ಅವನೇ ಸ್ವಿಚ್ ಆರಿಸಿದ. ಮಂಗಳಾರತಿ, ಬೂದುಗುಂಬಳಕಾಯಿ, ಪುರಿ ಹಂಚಿದ್ದು ಎಲ್ಲ ಸೇರಿ ಎರಡು ಗಂಟೆ. ಮರುದಿನ ಟ್ಯಾಂಕ್ ತಣ್ಣಗಿತ್ತು. ಹುಳಿ ಏರಲೇ ಇಲ್ಲ.

ನಾನೇ ಕೆಡಿಸಿದೆನೆಂದು ಅವನು ಧಣಿಗೆ ಹೇಳಿದ. ಟ್ಯಾಂಕ್ ಬಿಡಿಸಿ ನನ್ನನ್ನು ಬಾಟಲಿ ತೊಳೆಯಲು ಹಾಕಿದರು. ತಿಂಗಳು ತುಂಬಿದರೆ ಮನೆಗೆ ಎಂದರು. ಅವನು ದಿನಾ ಬಂದು, ನಾನು ತೊಳೆದ ಬಾಟಲಿ ಮೂಸಿ, “ಸೋಪ್ ವಾಸ್ನೆ ಕಣ್ಲಾ, ಇನ್ನೊಂದ್ಸಲ,” ಎನ್ನುತ್ತಿದ್ದ. ನಾನು ಮತ್ತೆ ತೊಳೆಯುತ್ತಿದ್ದೆ. ಅವಲಪಲ್ಲಿಯ ನನ್ನ ಮನೆಯಲ್ಲಿ, ಅಗಲ ಬಾಯಿಯ ಒಂದು ಮಡಕೆಗೆ ಗಾಳಿಯಾಡುವಂತೆ ತೆಳುಬಟ್ಟೆ ಕಟ್ಟಿ ಇಟ್ಟಿದ್ದೆ. ಪೂಜೆಗೆ ಮುಂಚೆ, ಧಣಿಯನ್ನು ಕೇಳಿಯೇ, ಓದಿದ್ದನ್ನು ಪರೀಕ್ಷೆ ಮಾಡಲು ಅದೇ ಟ್ಯಾಂಕಿನಿಂದ ತಂದ ಹುಳಿ ಅದು. ಮೇಲೆ ಕೆನೆಯಂತೆ ಪದರ ಕಟ್ಟಿಕೊಂಡು ಚೆನ್ನಾಗಿ ಉಸಿರಾಡುತ್ತಿತ್ತು.

ಹಾಲಿಗೆ ಹೆಪ್ಪು ಹಾಕಿದಂತೆ ಟ್ಯಾಂಕಿಗೆ ಹಾಕುವ ಬಿತ್ತುಹುಳಿ ಬೇರೆಲ್ಲೂ ಸಿಗದೆ ಧಣಿಗೆ ನನ್ನ ಮಡಕೆ ನೆನಪಾಯಿತು. ಒಂದು ಭಾನುವಾರ ಜೀಪಿನಲ್ಲಿ ಧಣಿ, ಸೂಪರ್‌ವೈಸರ್ ಇಬ್ಬರೂ ಬಂದರು. ಧಣಿ ಮಡಕೆ ಮೂಸಿ ಕೇಳಿದರು, “ಇದು ಬದ್ಕೈತಲ್ಲ, ಅದ್ಯಾಕಯ್ಯ ಸತ್ತೋಯ್ತು?”

“ಅವ್ರನ್ನೇ ಕೇಳಿ ಸಾಮಿ. ಹೇಳಿದ್ರೆ ಮಡಕೆ ಕೊಡ್ತೀನಿ.”

ಅವನು ನೆಲ ನೋಡಿದ. “ಗಾಳಿ... ನಾನೇ ನಿಲ್ಲಿಸ್ಬುಟ್ಟೆ.”

“ನಾಳೆಯಿಂದ ಟ್ಯಾಂಕ್ ನೀನೇ ನೋಡ್ಕೋ,” ಎಂದರು ಧಣಿ ನನಗೆ.

ಅಷ್ಟು ಸಾಕಾಗಬೇಕಿತ್ತು. ಆದರೆ ನನಗೆ ಸಾಲಲಿಲ್ಲ. ಹುಳಿ ಒಯ್ಯಲು ಅವರು ತಂದಿದ್ದ ಬಾಟಲಿಯನ್ನು ಅವನ ಕೈಗೇ ಕೊಟ್ಟು ತೊಳೆದು ತರಲು ಬೀದಿಯ ನಲ್ಲಿ ತೋರಿಸಿದೆ. ಅಕ್ಕಪಕ್ಕದವರು ಬಾಗಿಲಿಗೆ ಬಂದು ನಿಂತರು. ಎರಡು ಸಲ ಮೂಸಿ ವಾಪಸ್ ಕೊಟ್ಟೆ. ಸೋಪು ನಿಜವಾಗಿಯೂ ಉಳಿದಿತ್ತು. ಮೂರನೆಯ ಸಲ ಯಾವ ವಾಸನೆಯೂ ಇರಲಿಲ್ಲ. ಅವನ ಅಂಗಿಯ ತೋಳು ಮೊಣಕೈವರೆಗೂ ನೆನೆದಿತ್ತು.

“ಸೋಪ್ ವಾಸ್ನೆ ಸಾರ್,” ಎಂದೆ. “ಇನ್ನೊಂದ್ಸಲ.”