ಗಿಟಾರಿನ ಹೊಟ್ಟೆಗೆ ಒಂದು ಹಿಡಿ ಜೋಳ

ಮಹಾನವಮಿ ಹತ್ತಿರ ಬಂತೆಂದರೆ ನಮ್ಮ ಮನೆಯ ಕಪಾಟುಗಳು ಖಾಲಿಯಾಗುತ್ತವೆ. ಕತ್ತರಿ, ಹೊಲಿಗೆ ಯಂತ್ರ, ನನ್ನ ಹಳೆಯ ಸ್ಟೆತಾಸ್ಕೋಪು, ನಮ್ಮ ಯಜಮಾನರ ಗಿಟಾರು, ಎಲ್ಲವೂ ಒರೆಸಿಕೊಂಡು ಪೂಜೆಗೆ ಕೂರಬೇಕು. ನಾನು ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿ ಸೇರಿ, ವಾರ್ಡಿನ ಹಿರಿಯ ಸಿಸ್ಟರ್ ಆಗಿ ನಿವೃತ್ತಳಾದವಳು. ಒರೆಸುವುದು, ಮಡಚುವುದು, ತೆಗೆದ ಜಾಗದಲ್ಲೇ ತಿರುಗಿ ಇಡುವುದು ನನಗೆ ಉಸಿರಾಟದಷ್ಟೇ ರೂಢಿ. ಆದರೆ ಗಿಟಾರನ್ನು ಮಾತ್ರ ನಾನು ಮುಟ್ಟುವಂತಿರಲಿಲ್ಲ. ಭಾನುವಾರ ಸ್ನಾನವಾದ ಮೇಲೆ ಅವರೇ ಅದನ್ನು ಹಳೆಯ ಬನಿಯನ್ ತುಂಡಿನಿಂದ ಒರೆಸಿ, ಒಂದೆರಡು ಹಾಡು ಬಾರಿಸಿ, ಪೆಟ್ಟಿಗೆಯಲ್ಲಿ ಮಲಗಿಸುತ್ತಿದ್ದರು. ಪೂಜೆಯ ದಿನವೂ ಕುಂಕುಮ ಪೆಟ್ಟಿಗೆಗೆ ಮಾತ್ರ. ಕಟ್ಟಿಗೆಗೆ ಹಚ್ಚಿದರೆ ಮನೆಯಲ್ಲಿ ಜಗಳ.

ಅವರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದವರು. ಶಾಲೆಯ ಬೀಳ್ಕೊಡುಗೆ, ಬಂಧುಗಳ ಮದುವೆ, ಯಾರದೋ ಮನೆಯ ತೊಟ್ಟಿಲು, ಎಲ್ಲಿ ಕರೆದರೂ ಗಿಟಾರು ಹೆಗಲಿಗೇರಿಸಿ ಹೊರಡುತ್ತಿದ್ದರು. ಒಂದು ಬೇಸಿಗೆಯಲ್ಲಿ ಅವರ ಬಲಗೈ ನಡುಗತೊಡಗಿತು. ವೈದ್ಯರು ಕಂಪವಾತ ಎಂದರು, ಮಾತ್ರೆ ಶುರುವಾಯಿತು. ಈ ನಡುಕ ಕೈ ಸುಮ್ಮನಿದ್ದಾಗ ಹೆಚ್ಚು, ಕೆಲಸ ಹಚ್ಚಿದಾಗ ಕಡಿಮೆ. ಇದನ್ನು ನಾನೂ ಹೇಳಿದೆ, ವೈದ್ಯರೂ ಹೇಳಿದರು. ಅವರು ಕೇಳಿಸಿಕೊಳ್ಳಲಿಲ್ಲ. ಜನರ ಮುಂದೆ ಕೈ ಹೊರಗೆ ತೆಗೆಯುವುದನ್ನೇ ಬಿಟ್ಟರು. ಮದುವೆಗಳಿಗೆ ನಾನೊಬ್ಬಳೇ ಹೋಗತೊಡಗಿದೆ.

ಆಮೇಲೆ ಕೊಡುವುದು ಶುರುವಾಯಿತು. ಕೈಗಡಿಯಾರ ನನ್ನ ತಮ್ಮನಿಗೆ ಹೋಯಿತು. ಒಳ್ಳೆಯ ಕೋಟು ಪಕ್ಕದ ಮನೆಯವರಿಗೆ ಹೋಯಿತು. ನೋಡಿದವರು ಉದಾರ ಮನಸ್ಸು ಎಂದರು. ನಾನು ಹಾಗೆ ಅನ್ನಲಿಲ್ಲ. ವಾರ್ಡಿನಲ್ಲಿ ರೋಗಿ ತನ್ನ ಸಾಮಾನನ್ನು ಒಂದೊಂದಾಗಿ ಹಂಚತೊಡಗಿದರೆ ನಾವು ಅವನ ಮಂಚದ ಕಡೆ ಹೆಚ್ಚು ಸಲ ಹೋಗುತ್ತಿದ್ದೆವು. ಔಷಧಿ ನುಂಗುತ್ತಿದ್ದರೂ ಅವನು ಒಳಗಿನಿಂದ ಬದುಕುವ ಆಸೆ ಕೈಬಿಟ್ಟಿರುತ್ತಾನೆ.

ನವರಾತ್ರಿ ಆರಂಭದ ದಿನ, ಚಹಾ ಕುಡಿಯುತ್ತ ಅವರು ಹೇಳಿದರು:

"ಬನ್ನಿ ಕೊಡಾಕ ಕಮಲಾಪುರಕ್ಕ ಹೋಗ್ತೇವಲ್ಲ, ಗಿಟಾರ ಅಲ್ಲೇ ಕೊಟ್ಟು ಬರೋಣ. ನಮ್ಮ ತಂಗಿ ಮಗಳಿಗೆ ಫೋನ್ ಮಾಡಿ ಹೇಳೀನಿ."

ಕಮಲಾಪುರದಲ್ಲಿ ಅವರ ತಂಗಿಯ ಮನೆಯಿದೆ. ತಂಗಿಯ ಮಗಳು ಅಲ್ಲೇ ಶಾಲಾ ಶಿಕ್ಷಕಿ. ಅವಳಿಗೆ ಕೊಡುವುದರಲ್ಲಿ ತಪ್ಪೇನಿಲ್ಲ. ಆದರೆ ಗಿಟಾರು ಹೋದ ಮೇಲೆ ಅವರ ಬಳಿ ಕೊಡಲು ಏನೂ ಉಳಿದಿರುವುದಿಲ್ಲ ಎಂಬುದು ನನ್ನ ಭಯ. ವಾದಕ್ಕೆ ಇಳಿದರೆ ಸೋಲುತ್ತೇನೆಂದು ಗೊತ್ತಿತ್ತು.

"ಕೊಡೋಣ್ರಿ. ಆದ್ರ ಹೊಲಸು ಸಾಮಾನ ಕೊಡೋ ರೂಢಿ ನಮ್ಮ ಮನ್ಯಾಗ ಇಲ್ಲ. ಸ್ವಚ್ಛ ಮಾಡಿ ಕೊಡೋಣ."

"ಯಾರು ಮಾಡೋರು? ಈ ಕೈ ನೋಡೀ ಇಲ್ಲೋ?"

"ನಾ ಮಾಡ್ತೀನಿ. ನೀವು ಕುಂತು ಹೇಳ್ರಿ."

ಜೀವನವಿಡೀ ಹತ್ತು ಕೆಲಸವನ್ನು ಒಂದು ಬೆಳಿಗ್ಗೆ ಮುಗಿಸಿದ ನಾನು, ಒಂದು ಕೆಲಸವನ್ನು ಹಲವು ಬೆಳಿಗ್ಗೆಗಳಿಗೆ ಎಳೆಯಬೇಕೆಂದು ಅಂದು ನಿರ್ಧರಿಸಿದೆ.

ಮೊದಲು ಊಟದ ಮೇಜಿನ ಮೇಲೆ ಹಳೆಯ ಹಾಸಿಗೆಹೊದಿಕೆ ಹಾಸಿದೆ. ಗಿಟಾರನ್ನು ಅಂಗಾತ ಮಲಗಿಸಿ, ಟವೆಲ್ ಸುತ್ತಿ ಕುತ್ತಿಗೆಯ ಕೆಳಗೆ ಇಟ್ಟೆ. ಕೈ ತೊಳೆದೆ. ಹತ್ತಿ ತಗೊಂಡು ಸ್ಪಿರಿಟ್ ಬಾಟಲಿಯ ಮುಚ್ಚಳ ತೆಗೆದೆನೋ ಇಲ್ಲವೋ, ಅವರು ಕುರ್ಚಿಯಿಂದ ಎದ್ದೇಬಿಟ್ಟರು.

"ಏ ಸಿಸ್ಟರ್! ಅದಕ್ಕೇನ ಇಂಜೆಕ್ಷನ್ ಕೊಡೋಳೇನ? ಸ್ಪಿರಿಟ್ ಬಿದ್ರ ಪಾಲಿಶ್ ಎದ್ದು ಬೆಳ್ಳಗಾಗ್ತದ!"

"ಮತ್ಯಾತರಿಂದ ಒರಸ್ಲಿ?"

"ಒಣಾ ಬಟ್ಟಿ. ಹೋಗಲಿಲ್ಲಾಂದ್ರ ಬಟ್ಟಿಗೆ ಬಾಯಿಲೆ ಹಾ ಅಂತ ಉಸಿರು ಬಿಡು. ಅಷ್ಟ ಪಸಿ ಸಾಕು."

ಅಂದು ಬರೀ ತಂತಿ ಸಡಿಲಿಸುವುದಾಯಿತು. ಬಿಗಿಯಿದ್ದ ತಂತಿಯನ್ನು ಕತ್ತರಿಸಿದರೆ ಕುತ್ತಿಗೆಗೆ ಪೆಟ್ಟು ಎಂದು ಅವರು ಹೇಳಿದರು. ಒಂದು ಸುತ್ತು ಈ ತಂತಿ, ಒಂದು ಸುತ್ತು ಆ ತಂತಿ, ಹೀಗೆ ಸರದಿಯಂತೆ ಇಳಿಸಿ, ಕೊನೆಗೆ ಎಲ್ಲವನ್ನೂ ಬಿಚ್ಚಿ ತೆಗೆದೆ. ಮಳೆಗಾಲದ ತೇವಕ್ಕೆ ತಂತಿಗಳೆಲ್ಲ ತುಕ್ಕು ಹಿಡಿದು, ನನ್ನ ಬೆರಳುಗಳು ಕಂದುಬಣ್ಣವಾದವು. ಪರೀಕ್ಷೆಯಲ್ಲಿ ಕಾವಲು ನಿಂತ ಮಾಸ್ತರರಂತೆ ಅವರು ಪಕ್ಕದಲ್ಲೇ ನಿಂತಿದ್ದರು.

ಮರುದಿನ ಹೊಟ್ಟೆಯ ಸರದಿ. ದುಂಡು ತೂತಿನಲ್ಲಿ ಬ್ಯಾಟರಿ ಹಿಡಿದು ನೋಡಿದರೆ ಒಳಗೆ ದೂಳು ಉಂಡೆಯುಂಡೆಯಾಗಿ ಕೂತಿತ್ತು. ನನಗೆ ಸಿಟ್ಟೇ ಬಂತು. ನನ್ನ ಮನೆಯಲ್ಲಿ, ನನ್ನ ಕಣ್ಣೆದುರಿಗೆ, ಇಷ್ಟು ವರ್ಷ! ಬಟ್ಟೆ ಒಳಗೆ ಹೋಗುವುದಿಲ್ಲ, ಬ್ರಶ್ ಮೂಲೆ ಮುಟ್ಟುವುದಿಲ್ಲ.

"ಒಂದು ಹಿಡಿ ಜೋಳ ತಗೊಂಬಾ" ಎಂದರು.

"ಯಾಕ, ಹಸಿವಾಗ್ಯದೇನ ಅದಕ್ಕ?"

"ಒಳಗ ಹಾಕಿ ಅಲ್ಲಾಡಿಸಿದ್ರ ದೂಳೆಲ್ಲಾ ಹಿಡಕೊಂಡು ಬರ್ತದ. ಅಕ್ಕಿನೂ ನಡೀತದ, ಆದ್ರ ಜೋಳ ಉರುಳ್ತದ ಚೊಲೋ."

ಡಬ್ಬಿಯಿಂದ ಬಿಳಿ ಜೋಳ ತಂದು ಕೇರಿ, ಕಲ್ಲು ಆರಿಸಿ, ತೂತಿನಿಂದ ಒಳಗೆ ಸುರಿದೆ. ಗಿಟಾರನ್ನು ಎತ್ತಿ ಅಲ್ಲಾಡಿಸಿದೆ. ನಾನು ಜಾಡಿಸುವುದು ಚಾದರ ಜಾಡಿಸಿದ ಹಾಗೆ. ಜೋಳ ಒಂದೇ ಕಡೆ ಹೋಗಿ ಬಿತ್ತು.

"ಹಂಗಲ್ಲ. ಸಣ್ಣಗೆ, ನಡುಗಿಸಿದಂಗ ಮಾಡಬೇಕು" ಎಂದರು. ಅಂದವರು ತಮ್ಮ ಬಲಗೈಯನ್ನು ಒಮ್ಮೆ ನೋಡಿಕೊಂಡರು. "ಕೊಡು ಇಲ್ಲಿ" ಎಂದು ಗಿಟಾರನ್ನು ಇಸಕೊಂಡು ಎದೆಗೆ ಒರಗಿಸಿ ಹಿಡಿದರು. ಒಳಗಿನ ಜೋಳ ಹದವಾಗಿ, ಸಣ್ಣ ಮಳೆಯ ಹಾಗೆ ಸದ್ದು ಮಾಡತೊಡಗಿತು.

"ನೋಡು ಸಿಸ್ಟರ್, ಇದಕ್ಕ ನನ್ನ ಕೈನ ಚೊಲೋ. ಹೇಳೋದ ಬ್ಯಾಡ, ತಾನ ಅಲ್ಲಾಡ್ತದ!"

ನಾನು ನಗಬಹುದೋ ಬಾರದೋ ತಿಳಿಯಲಿಲ್ಲ. ಅವರೇ ಜೋರಾಗಿ ನಕ್ಕರು. ತಮ್ಮ ಕೈಯ ಬಗ್ಗೆ ಅವರು ತಮಾಷೆ ಮಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಆಮೇಲೆ ನಾನೂ ನಕ್ಕೆ. ಬೋರಲು ಹಾಕಿದಾಗ ಜೋಳ ಬೂದಿ ಬಣ್ಣವಾಗಿ ಮೊರಕ್ಕೆ ಬಿತ್ತು.

ಮುಂದಿನ ಬೆಳಿಗ್ಗೆ ಕುತ್ತಿಗೆಯ ಪಟ್ಟಿ. ಬೆರಳು ಒತ್ತುವ ಆ ಕಪ್ಪು ಕಟ್ಟಿಗೆಯ ಮೇಲೆ, ಅಡ್ಡಡ್ಡ ಕೂತ ಲೋಹದ ಗೆರೆಗಳ ಅಂಚಿಗೆ ಬೆವರು ಮತ್ತು ದೂಳು ಸೇರಿ ಅಂಟಾಗಿತ್ತು. ಮೆತ್ತಗಿನ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ ಒರೆಸಿದೆ. ಅಂಟು ಹೋದ ಮೇಲೆ ಕಟ್ಟಿಗೆಯಲ್ಲಿ ಸಣ್ಣ ಸಣ್ಣ ತಗ್ಗು ಕಂಡವು. ಬೆರಳಿನ ತುದಿ ಇಟ್ಟರೆ ಸರಿಯಾಗಿ ಕೂರುತ್ತಿತ್ತು. ಪಾತ್ರೆಯ ತಳ ಸವೆದ ಹಾಗೆ, ಅವರ ಎಡಗೈ ಬೆರಳುಗಳು ಒತ್ತಿ ಒತ್ತಿ ಆದ ತಗ್ಗುಗಳು. ಮೇಲೆ ತಂತಿಯಿದ್ದಾಗ ಇವು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅವರು ಭಾನುವಾರ ಬಾರಿಸುವಾಗ ನಾನು ಅಡುಗೆಮನೆಯಲ್ಲಿ ಡಬ್ಬಿ ಸಾಲುಹಚ್ಚುತ್ತಿದ್ದೆ. ಕೇಳುತ್ತಿದ್ದೆ, ಕೂತು ಕೇಳಿದ್ದು ಕಡಿಮೆ. ಆ ಪಟ್ಟಿಗೆ ಅವರು ಹೇಳಿದಂತೆ ತುಸುವೇ ಎಣ್ಣೆ ಸವರಿ, ಉಳಿದದ್ದನ್ನು ಒರೆಸಿ ತೆಗೆಯುವ ಕೆಲಸಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡೆ.

"ಸಿಸ್ಟರ್, ನೀ ಇಷ್ಟು ನಿಧಾನ ಯಾವಾಗಿಂದ ಆದಿ? ಬೇಕಂತ ತಡಾ ಮಾಡಾಕತ್ತೀಯೇನ?"

"ವಯಸ್ಸಾತ್ರಿ."

"ವಯಸ್ಸಂತ! ನಿನ್ನಿ ಸಂಜೀಕ ಕಾಯಿಪಲ್ಲೆ ಮಾರೋನ ಜೋಡಿ ಜಗಳಾಡುವಾಗ ಎಲ್ಲಿ ಹೋಗಿತ್ತದು?"

ಮಹಾನವಮಿಯ ಹಿಂದಿನ ದಿನ ಹೊಸ ತಂತಿ ಹಾಕಿದೆವು. ಹಿಂದಿಗಿಂತ ತೆಳುವಾದ ತಂತಿ ತರಲು ಅವರೇ ಹೇಳಿದ್ದರು. ಅದನ್ನು ಒತ್ತುವುದು ಹಗುರ. ಯಾರಿಗೆ ಹಗುರ ಎಂದು ನಾನು ಕೇಳಲಿಲ್ಲ. ನಾನು ತಿರುಪು ತಿರುಗಿಸಿದೆ, ಅವರು ಕಣ್ಣು ಮುಚ್ಚಿ ಕೇಳಿದರು. "ಏರಿಸು... ಇನ್ನೊಂಚೂರು... ಹಾಂ, ಸಾಕು, ಸಾಕಂದ್ನಲ್ಲ!" ಆರೂ ತಂತಿ ಸರಿಹೋಗುವ ಹೊತ್ತಿಗೆ ಮೊದಲಿನದು ಮತ್ತೆ ಇಳಿದಿತ್ತು. ಹೊಸ ತಂತಿ ಎಳೆದುಕೊಳ್ಳುತ್ತದೆ, ದಿನಾ ಬಾರಿಸಿ ಪಳಗಿಸಬೇಕು ಎಂದರು. ಹೇಳುತ್ತಲೇ ಗಿಟಾರು ತೊಡೆಯ ಮೇಲೆ ಬಂತು. ಬಲಗೈ ತಂತಿಯ ಮೇಲೆ ಇಳಿಯುವಾಗ ನಡುಗಿತು, ಸ್ವರ ತಪ್ಪಿತು, ಮತ್ತೆ ಹಿಡಿದರು. ಹಾಡು ಮೊದಲಿನ ವೇಗದಲ್ಲಿ ಇರಲಿಲ್ಲ. ಈ ಸಲ ನಾನು ಅಡುಗೆಮನೆಗೆ ಹೋಗಲಿಲ್ಲ. ಮಹಾನವಮಿಯ ದಿನ ಪೂಜೆ ಮುಗಿದ ಮೇಲೂ ಅಷ್ಟೇ ಹೊತ್ತು ಬಾರಿಸಿದರು.

ವಿಜಯದಶಮಿಯ ದಿನ ಹೊರಡುವಾಗ ನಾನು ಪೆಟ್ಟಿಗೆಯನ್ನು ಬಾಗಿಲ ಬಳಿ ತಂದಿಟ್ಟೆ. ಮಾತು ಕೊಟ್ಟಿದ್ದೇವೆ, ಇನ್ನು ತಡಮಾಡಲು ನನ್ನ ಹತ್ತಿರ ನೆಪ ಉಳಿದಿರಲಿಲ್ಲ. ಅವರು ಚಪ್ಪಲಿ ಮೆಟ್ಟಿ, ಪೆಟ್ಟಿಗೆ ನೋಡಿ ನಿಂತರು.

"ಒಳಗ ಇಡು. ಸುರ ನಿಂತಿಲ್ಲ. ಹಿಂಗ ಕೊಟ್ರ ಆ ಹುಡುಗಿಗೆ ತಪ್ಪು ಸುರಾನ ಕಿವಿಗೆ ಕೂಡ್ತದ."

ನಾನು ಪೆಟ್ಟಿಗೆಯನ್ನು ಒಳಗಿಟ್ಟು ಬಾಗಿಲು ಹಾಕಿದೆ.

ಕಮಲಾಪುರದ ಮನೆಯಲ್ಲಿ ಬನ್ನಿ ಕೊಡಲು ಬಂದವರು ಪಡಸಾಲೆ ತುಂಬ ಕೂತಿದ್ದರು. ತಂಗಿಯ ಮಗಳು ಬನ್ನಿ ಕೊಟ್ಟು, ಕಾಲಿಗೆರಗಿ, ನಮ್ಮ ಹಿಂದೆ ಮುಂದೆ ನೋಡಿದಳು.

"ಮಾಮಾ, ಗಿಟಾರ ಎಲ್ಲದ? ಬಸ್ಸಿನ್ಯಾಗ ಬಿಟ್ಟು ಬಂದ್ರೇನು?"

"ಮನ್ಯಾಗ ಅದವ್ವ. ತಾರ ಇನ್ನಾ ಪಳಗಿಲ್ಲ."

"ಯಾವಾಗ ಪಳಗ್ತಾವ?"

"ಅದನ್ನ ಹೇಳಾಕ ಬರಾಂಗಿಲ್ಲ. ನೀ ಐತವಾರ, ಶಾಲಿ ರಜಾ ಇದ್ದಾಗ, ನಮ್ಮ ಮನಿಗೆ ಬಾ. ಬಾರಸೋದು ಆಮ್ಯಾಲ, ಮೊದಲ ಒರಸೋದು ಕಲಿ."

"ಒರಸೋದು ಕಲ್ಯಾಕ ಬಸ್ ಹಿಡದು ಕಲಬುರಗಿಗೆ ಬರಬೇಕೇನು? ಛಂದ ಅದ ಬಿಡ್ರಿ! ಅತ್ತೀ, ನೋಡ್ರಿ ಇವರ ಮಾತು."

"ಕೈ ತೊಳಕೊಂಡು ಬಾರವ್ವ" ಎಂದೆ.

ಅವಳು ನಕ್ಕು, ಒರೆಸುವುದರಲ್ಲಿ ಅಂಥದ್ದೇನಿದೆ ಎಂದು ಕೇಳಿದಳು. ಅವರು ಕುರ್ಚಿಯಲ್ಲಿ ಮುಂದಕ್ಕೆ ಸರಿದು, ಅಷ್ಟು ಜನರ ನಡುವೆ ಬಲಗೈ ಎತ್ತಿ, ತಂತಿಗಳು ಇಲ್ಲಿ, ತೂತು ಇಲ್ಲಿ, ಜೋಳ ಹಾಕುವುದು ಹೀಗೆ ಎಂದು ಗಾಳಿಯಲ್ಲಿ ತೋರಿಸತೊಡಗಿದರು. ಕೈ ನಡುಗುತ್ತಿತ್ತು. ಅವರು ತೋರಿಸುವುದನ್ನು ನಿಲ್ಲಿಸಲಿಲ್ಲ.