ಹಗುರ ಗಾಡಿಗೆ ಹಚ್ಚಿದ ಕುಂಕುಮ

ಕಾರಿನ ಮೈಯನ್ನು ಇಬ್ಬರು ಹುಡುಗಿಯರು ಎತ್ತಿಕೊಂಡು ಹೋಗುವುದನ್ನು ನಾನು ಮೊದಲು ನೋಡಿದ್ದು ಹೈದರಾಬಾದಿನ ನಮ್ಮ ಕಾಲೇಜಿನ ಶೆಡ್ಡಿನಲ್ಲಿ. ನಮ್ಮೂರು ಯಾದಗಿರಿಯಲ್ಲಿ ಕೆಟ್ಟು ನಿಂತ ಟಂಟಂ ಆಟೋ ತಳ್ಳಲಿಕ್ಕೆ ಅರ್ಧ ಓಣಿ ಬರಬೇಕು. ಇಲ್ಲಿ ಬಿಸಿಲಿನಿಂದಲೇ ಓಡುವ ಕಾರು ಕಟ್ಟುತ್ತಿದ್ದರು. ಅದಕ್ಕೆ ಭಾರವೇ ವೈರಿ.

ಅಪ್ಪನಿಗೆ ದಿಲ್‌ಸುಖ್‌ನಗರದ ಬಟ್ಟೆ ಅಂಗಡಿಯಲ್ಲಿ ಕೆಲಸ ಸಿಕ್ಕು ನಾವು ಬಂದವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು. ‘ನೀನು ಇಲ್ಲಿಯವಳೇ ಅಂದುಕೊಂಡಿದ್ದೆ’ ಎಂದು ಯಾರಾದರೂ ಅಂದರೆ ಹಿಗ್ಗುತ್ತಿದ್ದೆ. ಕಾರಿನ ತಂಡಕ್ಕೆ ಸೇರಿಸಿಕೊಂಡಾಗಲಂತೂ ಇಡೀ ಊರೇ ನನ್ನನ್ನು ಒಪ್ಪಿಕೊಂಡಂತಾಯಿತು. ಅವ್ವ ಮಾತ್ರ ತರಕಾರಿ ಗಾಡಿಯವನ ಹತ್ತಿರ ಇನ್ನೂ ಕೈಸನ್ನೆಯಲ್ಲೇ ಚೌಕಾಸಿ ಮಾಡುತ್ತಿದ್ದಳು. ನನಗೆ ನಾಚಿಕೆಯಾಗುತ್ತಿತ್ತು.

ಆಯುಧಪೂಜೆಯ ದಿನ ಅವ್ವ ಶೆಡ್ ನೋಡಲು ಬಂದಳು. ಹೊಸ ಕಾರಿನ ಮೈಯ ಅಚ್ಚಿನೊಳಗೆ ಕಪ್ಪು ಕಾರ್ಬನ್ ಅರಿವೆ ಹಾಸಿತ್ತು. ಅದಕ್ಕೆ ರಾಳ ಕುಡಿಸಿ, ಪ್ಲಾಸ್ಟಿಕ್ ಹೊದಿಸಿ ಒಳಗಿನ ಗಾಳಿ ಎಳೆದರೆ ಗಟ್ಟಿ ಚಿಪ್ಪಾಗುತ್ತದೆ.

“ಇದ ಏನ ನಿಮ್ಮ ಗಾಡಿ? ಭಾಳ ಚಂದ ಐತಿ,” ಅಂದಳು.

ನಾನು ಕೈಗವಸು ತರಲು ಹೋಗಿ ತಿರುಗುವಷ್ಟರಲ್ಲಿ, ಕಾರಿನ ಮೂತಿಯ ಜಾಗಕ್ಕೆ ಎಣ್ಣೆಯಲ್ಲಿ ಕಲಸಿದ ಕುಂಕುಮ ಹಚ್ಚಿ ಕೈಮುಗಿದು ನಿಂತಿದ್ದಳು. ಎಣ್ಣೆ ತಾಗಿದ ಅರಿವೆಗೆ ರಾಳ ಹಿಡಿಯುವುದಿಲ್ಲ.

ಎಲ್ಲರೂ ನೋಡುತ್ತಿದ್ದರು. ತಂಡದಿಂದ ತೆಗೆದೇಬಿಡುತ್ತಾರೆ ಅಂದುಕೊಂಡೆ. “ನೀಕೇಂ ತೆಲುಸು? ಬಯಟಿಕಿ ಪೋ,” ಎಂದು ಗದರಿದೆ. ನಿನಗೇನು ಗೊತ್ತು, ಹೊರಗೆ ಹೋಗು ಎಂದು. ಅವಳೊಂದಿಗೆ ಎಂದೂ ತೆಲುಗಿನಲ್ಲಿ ಮಾತಾಡಿದವಳಲ್ಲ. ಅವತ್ತು ಆಡಿದ್ದೂ ಅವಳಿಗೆ ಕೇಳಲೆಂದಲ್ಲ, ಸುತ್ತ ನಿಂತವರಿಗೆ ಕೇಳಲೆಂದು. ಅವ್ವ ಕುಂಕುಮದ ಬಟ್ಟಲು ಸೆರಗಿನಲ್ಲಿ ಮುಚ್ಚಿಕೊಂಡು ಬಾಗಿಲಿಗೆ ನಡೆದಳು.

ತಂಡದ ಮುಂದಾಳು ಶ್ರೀಜ ನಕ್ಕಳು. “ಆಂಟೀ, ಮುಂದು ಚಕ್ರಾಲು ರಾನೀಯಂಡಿ.” ಮೊದಲು ಚಕ್ರ ಬರಲಿ ಎಂದು. ಗಾಲಿ ಕೂಡಿಸಿದ ದಿನ ನಿಂಬೆಹಣ್ಣಿಟ್ಟು ಪೂಜೆ ಮಾಡಿಯೇ ಓಡಿಸಬೇಕೆಂದು ಅವಳ ತಾಯಿಯೂ ಹೇಳಿಟ್ಟಿದ್ದರಂತೆ. ಕಲೆಯಾದ ಭಾಗ ಕತ್ತರಿಸಿ, ಅಚ್ಚು ಒರೆಸಿ, ಬೇರೆ ತುಂಡು ಕೂರಿಸಿದೆವು. ತೇಪೆಯಿಂದ ಒಂದು ಚೂರು ಭಾರ ಹೆಚ್ಚಿತು, ಅಷ್ಟೇ. ಇವರು ನಕ್ಕಾರೆಂದು ನಾನು ಹೆದರಿದ್ದ ಪದ್ಧತಿ ಇವರ ಮನೆಯದ್ದೂ ಆಗಿತ್ತು. ನೆಲ ಬಾಯಿಬಿಟ್ಟರೆ ಸಾಕೆನಿಸಿತು.

ಕೊನೆಗೆ ಗಾಲಿ ಕೂಡಿಸಿದ ದಿನ, ‘ಅಮ್ಮನನ್ನು ಕರೆದುಕೊಂಡು ಬಾ, ಪೂಜೆ ಅವರೇ ಮಾಡಲಿ’ ಎಂದಳು ಶ್ರೀಜ. ಮನೆಗೆ ಹೋಗಿ ಕರೆದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು.

“ನಾ ಒಲ್ಲೆವ್ವ. ನೀನ ಮಾಡ್ಕೊಂಡು ಬಾ.”

“ತಪ್ಪಾತು ಯವ್ವಾ. ಹಂಗ ಬೈಬಾರದಿತ್ತು.”

“ಬೈದಿದ್ದಕ್ಕಲ್ಲ,” ಅಂದಳು, ಹಿಟ್ಟಿನಿಂದ ಕಣ್ಣೆತ್ತದೆ. “ಕನ್ನಡದಾಗ ಬೈದಿದ್ರ ಅಲ್ಲೇ ಮರತುಬಿಡ್ತಿದ್ದೆ.”

ಚಕ್ರದಡಿ ನಿಂಬೆಹಣ್ಣು ನಾನೇ ಇಟ್ಟೆ. ಕಾರು ಸದ್ದಿಲ್ಲದೆ ಮುಂದಕ್ಕೆ ಹೋಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಅಮ್ಮ ಯಾಕೆ ಬರಲಿಲ್ಲ ಎಂದು ಶ್ರೀಜ ಕೇಳಿದಳು. ಹುಷಾರಿಲ್ಲ ಎಂದೆ, ಒಂದು ತಪ್ಪೂ ಇಲ್ಲದ ತೆಲುಗಿನಲ್ಲಿ.